ಕ್ರಾಫ್ಟ್ ಬಾರದ ಅಪ್ಪ-ಅಮ್ಮನಿಗೆ: ಮನೆ ಸಾಮಾನಿನಲ್ಲೇ ಮಗುವಿಗೆ ಕಲಿಸುವುದು, ಹಂತ ಹಂತವಾಗಿ

ವಿಡಿಯೋ ನೋಡಿ ಬಣ್ಣದ ಕಾಗದ, ಫೆವಿಕಾಲ್, ಮಿನುಗು ಪುಡಿ ಎಲ್ಲ ತಂದಿರುತ್ತೀರಿ. ಕತ್ತರಿಸಿ ಅಂಟಿಸಿ ಸಿದ್ಧ ಮಾಡುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ. ಮಗು ಬಂದು ಐದು ನಿಮಿಷ ಕೂತು ಎದ್ದು ಓಡುತ್ತದೆ, ಉಳಿದದ್ದನ್ನು ನೀವೇ ಅಂಟಿಸಿ ಮುಗಿಸುತ್ತೀರಿ. ಎರಡು ವಾರ ಕಳೆದ ಮೇಲೆ ಆ ಡಬ್ಬ ಅಟ್ಟಕ್ಕೆ ಹೋಗುತ್ತದೆ. ಆಮೇಲೆ ಕಾಪಿ ಪುಸ್ತಕ, ಪೆನ್ಸಿಲ್ಲು, ಅಳು.

ತುಂಬಾ ಮನೆಗಳಲ್ಲಿ ಹೀಗೇ ಆಗುತ್ತದೆ. ಕಾರಣ ಸರದಿ ತಪ್ಪಿರುವುದು. ಪೆನ್ಸಿಲ್ ಕೊನೆಗೆ ಬರಬೇಕಾದದ್ದು, ನಾವು ಅದನ್ನೇ ಮೊದಲು ಕೊಡುತ್ತೇವೆ. ಬೆರಳಿಗೆ ಬಲ ಬರಬೇಕು, ಆಮೇಲೆ ಕಣ್ಣಿಗೆ ವ್ಯತ್ಯಾಸ ಕಾಣಬೇಕು, ಆಮೇಲೆ ಎಣಿಕೆ, ಆಮೇಲೆ ಅಕ್ಷರ. ಈ ಸರದಿ ಹಿಡಿದರೆ ನಿಮಗೆ ಕತ್ತರಿ ಹಿಡಿಯಲೂ ಬರಬೇಕಾಗಿಲ್ಲ. ಇದು 3ರಿಂದ 6 ವರ್ಷದ ಮಕ್ಕಳಿಗೆ ಹೊಂದುವ ಕ್ರಮ. ಮಗುವಿಗೆ 5 ವರ್ಷ ಆಗಿದ್ದರೂ ಮೊದಲ ಹಂತದಿಂದಲೇ ಶುರುಮಾಡಿ, ಬೇಗ ದಾಟಿಕೊಂಡು ಹೋಗುತ್ತದೆ ಅಷ್ಟೆ.

## ಶುರುಮಾಡುವ ಮೊದಲು: ಏನೇನು ಬೇಕು

ಅಂಚು ಎತ್ತರ ಇರುವ ಒಂದು ಸ್ಟೀಲ್ ತಟ್ಟೆ. ನಾಲ್ಕು ಸಣ್ಣ ಬಟ್ಟಲು. ರಾಜ್ಮಾ, ಕಾಬೂಲ್ ಕಡಲೆ, ಹೆಸರುಕಾಳು ತಲಾ ಒಂದು ಹಿಡಿ. ಸ್ವಲ್ಪ ಹುಣಸೆಬೀಜ. ಬಟ್ಟೆಗೆ ಹಾಕುವ ಕ್ಲಿಪ್ ಹತ್ತು. ಸೀಮೆಸುಣ್ಣ. ಎರಡು ಚಮಚ ರವೆ. ಒಂದು ಹಳೇ ಬೆಡ್‌ಶೀಟ್.

ಬೆಡ್‌ಶೀಟ್ ಮರೆಯಬೇಡಿ. ಎಲ್ಲವನ್ನೂ ಅದರ ಮೇಲೆ ಹಾಸಿಯೇ ಮಾಡಿಸಿ. ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿದರೆ ಚೆಲ್ಲಿದ ಕಾಳು, ರವೆ ಎಲ್ಲ ಒಂದೇ ಕಡೆ ಬರುತ್ತದೆ. ನೆಲ ಗುಡಿಸುವ ಕೆಲಸ ಇಲ್ಲ ಅಂದರೆ ಮರುದಿನವೂ ಮಾಡಿಸುವ ಮನಸ್ಸು ನಿಮಗೆ ಇರುತ್ತದೆ. ಸಾಮಾನೆಲ್ಲ ಒಂದು ಬಟ್ಟೆ ಚೀಲಕ್ಕೆ ಹಾಕಿ ಎತ್ತರದಲ್ಲಿಡಿ. ಕೈಗೆ ಯಾವಾಗಲೂ ಸಿಗುವ ವಸ್ತು ಮಗುವಿಗೆ ಬೇಗ ಹಳತಾಗುತ್ತದೆ.

ಕಾಳಿನ ವಿಷಯದಲ್ಲಿ ಎಚ್ಚರ. 3 ವರ್ಷದ ಒಳಗಿನ ಮಗು ಮನೆಯಲ್ಲಿದ್ದರೆ, ಅದು ತಮ್ಮನೋ ತಂಗಿಯೋ ಪಕ್ಕದ ಮನೆ ಪಾಪುವೋ ಯಾರೇ ಆಗಲಿ, ಕಾಳು, ಬೀಜ, ಗೋಲಿ ಯಾವುದನ್ನೂ ನೆಲಕ್ಕೆ ಇಳಿಸಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವರಿಗೆ ಚಮಚ, ಬಟ್ಟಲು, ಆಲೂಗಡ್ಡೆ ಸಾಕು. ದೊಡ್ಡ ಮಕ್ಕಳೂ ಕಾಳನ್ನು ಮೂಗಿಗೆ, ಕಿವಿಗೆ ತೂರಿಸಿಕೊಳ್ಳುವುದುಂಟು. ಹಾಗಾದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಕಾಳು ಒದ್ದೆಯಾದರೆ ಉಬ್ಬುತ್ತದೆ, ಹಾಗಾಗಿ ನೀರೂ ಹಾಕಬೇಡಿ. ನೇರ ಡಾಕ್ಟರ ಹತ್ತಿರ ಹೋಗಿ. ನೀವು ನೋಡದೇ ಇದ್ದಾಗ ತೂರಿಸಿಕೊಂಡಿದ್ದರೆ, ಒಂದೇ ಮೂಗಿನ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಸುರಿಯುವುದು ಅದರ ಗುರುತು.

ಹೊತ್ತು ಕೂಡ ಮುಖ್ಯ. ಹಸಿದ ಮಗು, ನಿದ್ದೆ ಬಂದ ಮಗು ಏನೂ ಕಲಿಯುವುದಿಲ್ಲ. ಸಂಜೆ ತಿಂಡಿ ಆದ ಮೇಲೆ 10ರಿಂದ 15 ನಿಮಿಷ ಸಾಕು. ಮಗು ಇನ್ನೂ ಖುಷಿಯಾಗಿ ಇರುವಾಗಲೇ ನಿಲ್ಲಿಸಿ. ನಾಳೆ ಅದೇ ಬಂದು ಕೇಳುತ್ತದೆ.

## ಹಂತ 1: ಕೈ

ಪೆನ್ಸಿಲ್ ಹಿಡಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಬಲ ಬೇಕು. ಆ ಬಲ ಅಡುಗೆಮನೆಯಲ್ಲೇ ಬರುತ್ತದೆ.

ಅವರೆಕಾಯಿ ಕಾಲದಲ್ಲಿ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಇದಕ್ಕಿಂತ ಒಳ್ಳೆ ಕೆಲಸ ಬೇರೆ ಇಲ್ಲ. ಅವರೆಕಾಳನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಸಿಪ್ಪೆ ಉಬ್ಬಿ ಸಡಿಲವಾಗಿರುತ್ತದೆ. ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು, ಒಂದು ತುದಿಯನ್ನು ಮೆಲ್ಲಗೆ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಜೋರಾಗಿ ಹಿಸುಕಿದರೆ ಬೇಳೆ ಎರಡು ಹೋಳಾಗುತ್ತದೆ, ಮೆತ್ತಗೆ ಹಿಡಿದರೆ ಜಾರುತ್ತದೆ. ಎಷ್ಟು ಒತ್ತಬೇಕು ಅನ್ನುವುದನ್ನು ಬೆರಳು ತಾನೇ ಕಂಡುಕೊಳ್ಳುತ್ತದೆ. ಪೆನ್ಸಿಲ್ ಹಿಡಿಯುವಾಗ ಬೇಕಾಗುವುದೂ ಇದೇ ಹಿಡಿತ. ಮಗು ಹಿದುಕಿದ ಬೇಳೆಯಲ್ಲೇ ಮಧ್ಯಾಹ್ನದ ಸಾರು ಮಾಡಿ, ಬಡಿಸುವಾಗ ಅದನ್ನು ಹೇಳಿ.

ಅವರೆ ಇಲ್ಲದ ಕಾಲದಲ್ಲಿ ಹಸಿ ಬಟಾಣಿ ಸುಲಿಯುವುದು, ಕೊತ್ತಂಬರಿ ಸೊಪ್ಪು ಬಿಡಿಸುವುದು, ಚಪಾತಿ ಹಿಟ್ಟು ನಾದಿ ಉಂಡೆ ಕಟ್ಟುವುದು. ಬಟ್ಟಲಿನ ಅಂಚಿಗೆ ಕ್ಲಿಪ್ ಹಾಕಿ ತೆಗೆಯುವುದು. ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ನೀರು ಸುರಿಯುವುದು, ಇದನ್ನು ಬಚ್ಚಲಲ್ಲೇ ಮಾಡಿಸಿ. ನೀವು ಪಕ್ಕದಲ್ಲೇ ಇರಬೇಕು. ಬಕೆಟ್ಟಲ್ಲಿ ನೀರು ತುಂಬಿಟ್ಟು ಮಗುವನ್ನು ಒಂದೇ ಬಿಟ್ಟು ಹೋಗುವ ಹಾಗಿಲ್ಲ.

ಹೇಳಿಕೊಡುವ ರೀತಿ: ಬಾಯಿ ಮುಚ್ಚಿ, ನಿಧಾನವಾಗಿ, ಒಮ್ಮೆ ಮಾಡಿ ತೋರಿಸಿ. ಮಾತಾಡುತ್ತಾ ತೋರಿಸಿದರೆ ಮಗು ನಿಮ್ಮ ಮುಖ ನೋಡುತ್ತದೆ, ಕೈ ನೋಡುವುದಿಲ್ಲ.

ಜಾಸ್ತಿ ಆಗುವ ತಪ್ಪು ಎಂದರೆ ಮಗುವಿನ ಕೈ ಹಿಡಿದು ಸರಿಮಾಡುವುದು. "ಕೊಡಿಲ್ಲಿ, ನಾನು ಮಾಡ್ತೀನಿ" ಅಂದಿರೋ, ಕೆಲಸ ನಿಮ್ಮದಾಯಿತು. ಬೇಳೆ ಒಡೆಯಲಿ, ಸೊಪ್ಪು ಹರಿಯಲಿ. ಸಾರಿಗೇನೂ ಆಗುವುದಿಲ್ಲ.

ಮುಂದಿನ ಹಂತಕ್ಕೆ ಸಿದ್ಧ ಅನ್ನುವ ಗುರುತು: ಒಂದೇ ಕೈಯಲ್ಲಿ ಕ್ಲಿಪ್ ತೆರೆದು ಹಾಕಲು ಬರುತ್ತದೆ.

## ಹಂತ 2: ವಿಂಗಡಿಸುವುದು

ತಟ್ಟೆಯಲ್ಲಿ ರಾಜ್ಮಾ ಮತ್ತು ಕಾಬೂಲ್ ಕಡಲೆ ಬೆರೆಸಿ. ಮುಂದೆ ಎರಡು ಬಟ್ಟಲು ಇಡಿ. ಒಂದಕ್ಕೆ ಒಂದು ರಾಜ್ಮಾ, ಇನ್ನೊಂದಕ್ಕೆ ಒಂದು ಕಡಲೆ ಹಾಕಿ ಸುಮ್ಮನಿರಿ. ಉಳಿದದ್ದು ಮಗುವಿನ ಕೆಲಸ.

ಶುರುವಿನಲ್ಲಿ ಎರಡೇ ಜಾತಿ. ಐದು ಬಗೆ ಕಾಳು ಬೆರೆಸಿ ಕೊಟ್ಟರೆ ಮಗು ತಟ್ಟೆ ಮಗುಚಿ ಎದ್ದು ಹೋಗುತ್ತದೆ. ಎರಡು ಸಲೀಸಾದ ಮೇಲೆ ಮೂರು, ಆಮೇಲೆ ನಾಲ್ಕು. ಸಣ್ಣ ಹೆಸರುಕಾಳು ಕೊನೆಗೆ, ಅದನ್ನು ಹೆಕ್ಕುವುದು ಕಷ್ಟ.

ಕಾಳು ಬೇಸರ ಬಂದರೆ ಒಗೆದ ಬಟ್ಟೆ ಇದೆ. ಕಾಲುಚೀಲ ಜೋಡಿ ಮಾಡುವುದು, ಅಪ್ಪನ ಬಟ್ಟೆ ಒಂದು ಕಡೆ, ಅಜ್ಜಿಯದು ಒಂದು ಕಡೆ. ಸಂತೆಯಿಂದ ತಂದ ತರಕಾರಿ ಚೀಲ ಸುರಿದು "ಇದನ್ನು ಗುಂಪು ಮಾಡು" ಅನ್ನಿ, ಹೇಗೆ ಅಂತ ಮಾತ್ರ ಹೇಳಬೇಡಿ. ಮಗು ಬಣ್ಣ ನೋಡಿ ಮಾಡಬಹುದು, ಗಾತ್ರ ನೋಡಿ ಮಾಡಬಹುದು, ತನಗೆ ಇಷ್ಟ ಆಗುವುದು ಆಗದೇ ಇರುವುದು ಅಂತಲೂ ಮಾಡಬಹುದು. ಹಾಗಲಕಾಯಿಯನ್ನು ಬೆಂಡೆಕಾಯಿ ಜೊತೆ ಯಾಕೆ ಇಟ್ಟೆ ಅಂತ ಕೇಳಿ ನೋಡಿ. ಅದು ಕೊಡುವ ಕಾರಣದಲ್ಲಿ ಅದರ ಯೋಚನೆ ಪೂರ್ತಿ ಗೊತ್ತಾಗುತ್ತದೆ. ಇಲ್ಲಿ "ತಪ್ಪು" ಅನ್ನುವ ಮಾತೇ ಬೇಡ.

## ಹಂತ 3: ಎಣಿಕೆ

ಮಗು 1ರಿಂದ 50 ಹೇಳುತ್ತದೆ ಅಂತ ನೆಂಟರ ಮುಂದೆ ಹೇಳಿಸುತ್ತೇವೆ. ಅದು ಬಾಯಿಪಾಠ. ಎಣಿಕೆ ಬಂದಿದೆಯೇ ಎಂದು ನೋಡಲು ಏಳು ಹುಣಸೆಬೀಜ ಮುಂದಿಟ್ಟು ಈ ಮೂರನ್ನು ಗಮನಿಸಿ.

ಒಂದು. ಬೆರಳು ಒಂದು ಬೀಜ ಮುಟ್ಟುವಷ್ಟರಲ್ಲಿ ಬಾಯಿ ಎರಡು ಸಂಖ್ಯೆ ಹೇಳುತ್ತಿದೆಯೇ? ಹಾಗಿದ್ದರೆ ಮುಟ್ಟಿ ಎಣಿಸುವುದು ಬೇಡ. ಒಂದೊಂದೇ ಬೀಜವನ್ನು ಬಟ್ಟಲಿಗೆ ಹಾಕುತ್ತಾ, ಟಣ್ ಅಂತ ಸದ್ದಾದಾಗ ಒಂದು ಸಂಖ್ಯೆ ಹೇಳಲಿ. ಸ್ಟೀಲ್ ಬಟ್ಟಲು ಇದಕ್ಕೇ ಬೇಕು.

ಎರಡು. ಎಣಿಸಿ ಮುಗಿದ ಮೇಲೆ "ಒಟ್ಟು ಎಷ್ಟಾಯ್ತು?" ಅಂದಾಗ ಮತ್ತೆ ಒಂದರಿಂದ ಎಣಿಸುತ್ತದೆಯೇ? ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಅನ್ನುವುದು ಇನ್ನೂ ತಿಳಿದಿಲ್ಲ. 3, 4, 5ರಲ್ಲೇ ಇರಿ, ಮುಂದೆ ಹೋಗಬೇಡಿ. ಎಣಿಸಿದ ಮೇಲೆ ಬೀಜಗಳ ಸುತ್ತ ಕೈಯಾಡಿಸಿ "ಐದು" ಅಂತ ನೀವೇ ಹೇಳಿ.

ಮೂರು. ಅದೇ ಏಳು ಬೀಜಗಳನ್ನು ದೂರ ದೂರ ಹರಡಿ "ಈಗ ಜಾಸ್ತಿ ಆಯ್ತಾ?" ಎಂದು ಕೇಳಿ. ಈ ವಯಸ್ಸಿನ ಎಷ್ಟೋ ಮಕ್ಕಳು ಹೌದು ಅನ್ನುತ್ತವೆ. ಇದನ್ನು ತಿದ್ದಲು ಹೋಗಬೇಡಿ. ವಾದ ಮಾಡಿ ಒಪ್ಪಿಸುವ ವಿಷಯ ಅಲ್ಲ ಇದು, ವಯಸ್ಸಿಗೆ ತಾನೇ ಬರುತ್ತದೆ.

ದಿನಾ ಮಾಡಿಸಲು ಸುಲಭವಾದದ್ದು ಊಟದ ಹೊತ್ತು. "ಇವತ್ತು ಊಟಕ್ಕೆ ಎಷ್ಟು ಜನ? ಅಷ್ಟು ತಟ್ಟೆ ಹಾಕು." ಮಾವ ಬಂದಿದ್ದರೆ ಒಂದು ಜಾಸ್ತಿ, ಅಪ್ಪ ಬರುವುದು ತಡ ಆದರೆ ಒಂದು ಕಡಿಮೆ. ಕೂಡುವುದು ಕಳೆಯುವುದು ಇಲ್ಲೇ ಶುರುವಾಗುತ್ತದೆ.

20 ದಾಟಿದ ಮೇಲೆ ಮಕ್ಕಳು ಇಪ್ಪತ್ತೊಂಬತ್ತರ ಹತ್ತಿರ ನಿಲ್ಲುತ್ತವೆ. ಕೆಲವು "ಇಪ್ಪತ್ತಹತ್ತು" ಅನ್ನುತ್ತವೆ. ನಗಬೇಡಿ, ಆ ಮಗು ಲೆಕ್ಕದ ದಾರಿ ಸರಿಯಾಗಿಯೇ ಹಿಡಿದಿದೆ. ಹತ್ತು ಹತ್ತು ಬೀಜದ ಮೂರು ಗುಂಪು ಮಾಡಿ ಹತ್ತು, ಇಪ್ಪತ್ತು, ಮೂವತ್ತು ಎಂದು ತೋರಿಸಿದರೆ ಸಾಕು. ಇನ್ನೊಂದು ವಿಷಯ: ಒಂದು ಕೂತಲ್ಲಿ ಒಂದೇ ಭಾಷೆಯಲ್ಲಿ ಎಣಿಸಿ. "ಫೈವ್, ಸಿಕ್ಸ್, ಏಳು" ಅಂತ ಬೆರೆಸಿದರೆ ಎರಡೂ ಗಟ್ಟಿಯಾಗುವುದಿಲ್ಲ.

10ರವರೆಗೆ ಗಟ್ಟಿ ಆಯಿತೇ? ಹಾಗಾದರೆ ಚೌಕಾಬಾರ. ನೆಲದ ಮೇಲೆ ಸೀಮೆಸುಣ್ಣದಲ್ಲಿ 5ಕ್ಕೆ 5ರಂತೆ 25 ಮನೆ ಹಾಕಿ. ನಾಲ್ಕೂ ಬದಿಯ ನಡುಮನೆಗೆ ಮತ್ತು ಮಧ್ಯದ ಮನೆಗೆ ಅಡ್ಡಗೆರೆ ಎಳೆಯಿರಿ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜದ ಒಂದು ಪಕ್ಕವನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಹಾಕಿದಾಗ ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ. ನಾಲ್ಕೂ ಬಿಳಿ ಬಿದ್ದರೆ ಚೌಕ, 4. ನಾಲ್ಕೂ ಕಪ್ಪು ಬಿದ್ದರೆ ಬಾರ, 8. ದೊಡ್ಡವರಿಗೆ ನಾಲ್ಕು ಕಾಯಿ ಇರುತ್ತದೆ, ಮಗುವಿಗೆ ಒಂದೇ ಕಾಯಿ ಕೊಡಿ, ಹೊಡೆಯುವ ನಿಯಮ ಆಮೇಲೆ ಸೇರಿಸಿ. ಬಿದ್ದದ್ದನ್ನು ಎಣಿಸುವುದು, ಅಷ್ಟೇ ಮನೆ ನಡೆಸುವುದು, ತನ್ನ ಸರದಿಗೆ ಕಾಯುವುದು ಮೂರೂ ಒಟ್ಟಿಗೆ ಬರುತ್ತದೆ. ಮಗು ನಿಂತ ಮನೆಯನ್ನೇ ಒಂದು ಅಂತ ಎಣಿಸುತ್ತದೆ, ಎಲ್ಲ ಮಕ್ಕಳೂ ಮಾಡುವ ತಪ್ಪು ಇದು. ಕಾಯಿಯನ್ನು ಎತ್ತಿ ಮುಂದಿನ ಮನೆಗೆ ಇಟ್ಟಾಗ "ಒಂದು" ಅನ್ನಿಸಿ. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಈ ಹಂತವನ್ನು ಅವರಿಗೇ ಬಿಟ್ಟುಬಿಡಿ, ನಮಗಿಂತ ತಾಳ್ಮೆಯಿಂದ ಆಡಿಸುತ್ತಾರೆ.

## ಹಂತ 4: ಅಳತೆ

ಇದು ಚಿಕ್ಕ ಹಂತ. ದಿವಾನ ಎಷ್ಟು ಉದ್ದ ಇದೆ ಅಂತ ಮಗು ತನ್ನ ಗೇಣಿನಲ್ಲಿ ಅಳೆಯಲಿ, ನೀವು ನಿಮ್ಮ ಗೇಣಿನಲ್ಲಿ ಅಳೆಯಿರಿ. ಲೆಕ್ಕ ಬೇರೆ ಬೇರೆ ಬರುತ್ತದೆ. "ದಿವಾನ ಒಂದೇ ಅಲ್ವಾ, ಯಾಕೆ ಹೀಗೆ?" ಅಂತ ಕೇಳಿ, ಉತ್ತರ ನೀವು ಹೇಳಬೇಡಿ. ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡುವವರೆಗೆ ಕಾಯಿರಿ.

ಅಕ್ಕಿ ತೊಳೆಯುವಾಗ ಲೋಟದಲ್ಲಿ ಅಳೆಸಿ. ಒಂದು ಲೋಟ ಅಕ್ಕಿಗೆ ಎಷ್ಟು ಲೋಟ ನೀರು ಅಂತ ಮಗುವೇ ಹಾಕಲಿ. ಒಲೆಯ ಹತ್ತಿರ ಬೇಡ, ನೆಲದ ಮೇಲೆ.

## ಹಂತ 5: ಅಕ್ಷರ

ಇಲ್ಲೂ ಬರೆಯುವುದು ಮೊದಲಲ್ಲ, ಕೇಳುವುದು ಮೊದಲು. "ಮ ಅಂತ ಶುರುವಾಗೋದು ಮನೆಯಲ್ಲಿ ಏನೇನಿದೆ?" ಮಂಚ, ಮಣೆ, ಮಜ್ಜಿಗೆ. ಬಸ್ಸಿನಲ್ಲಿ, ಸ್ನಾನ ಮಾಡಿಸುವಾಗ, ಎಲ್ಲಿ ಬೇಕಾದರೂ ಆಡಬಹುದು. ಹೊರಗೆ ಕನ್ನಡ ಕಿವಿಗೆ ಬೀಳದ ಊರಲ್ಲಿ ಇರುವವರು ಈ ಆಟಕ್ಕೆ ಇನ್ನಷ್ಟು ದಿನ ಕೊಡಿ. ಶಬ್ದ ಕಿವಿಗೆ ಕೂರದೆ ಅಕ್ಷರ ಕೈಗೆ ಕೂರುವುದಿಲ್ಲ.

ಆಮೇಲೆ ರವೆ ತಟ್ಟೆ. ಎರಡು ಚಮಚ ರವೆ ಹಾಕಿ ತಟ್ಟೆ ಅಲ್ಲಾಡಿಸಿ ತೆಳ್ಳಗೆ ಹರಡಿ. ಬೆರಳು ಎಳೆದರೆ ಸ್ಟೀಲ್ ಹೊಳೆಯುವ ಗೆರೆ ಕಾಣಬೇಕು. ರವೆ ಜಾಸ್ತಿ ಆದರೆ ಗೆರೆ ಮುಚ್ಚಿಹೋಗುತ್ತದೆ, ಮಗುವಿಗೆ ತಾನು ಬರೆದದ್ದೇ ಕಾಣುವುದಿಲ್ಲ. ತಪ್ಪಾಯಿತೇ, ತಟ್ಟೆ ಅಲ್ಲಾಡಿಸಿದರೆ ಮಾಯ. ರಬ್ಬರ್ ಇಲ್ಲ, ಕಾಗದ ಹರಿಯುವುದಿಲ್ಲ, ಅಳು ಇಲ್ಲ.

ಯಾವ ಅಕ್ಷರ ಮೊದಲು? ಅ ಆ ಇ ಈ ಸಾಲಿನಿಂದ ಶುರುಮಾಡಬೇಡಿ. ಈ, ಋ, ಔ ಬರೆಯುವುದು ಕಷ್ಟ, ಅವುಗಳಿಂದ ಆಗುವ ಪದಗಳೂ ಕಡಿಮೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ, ಅಂದರೆ ಸಣ್ಣ ತರಗತಿಗಳ ಆಡುತ್ತಾ ಕಲಿಯುವ ಪದ್ಧತಿಯಲ್ಲಿ, ಮೊದಲು ಬರುವುದು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಮನೆಯಲ್ಲೂ ಇದನ್ನೇ ಹಿಡಿಯಿರಿ. ಮೊದಲ ಐದು ಅಕ್ಷರ ಬಂದ ಕೂಡಲೇ ಸರ, ರಸ, ಅಗಸ, ಅರಸ, ಗರಗಸ ಓದಲು ಬರುತ್ತದೆ. ಇನ್ನೈದು ಸೇರಿದರೆ ಮರ, ದನ, ಜನ, ವನ, ಗಜ. ಕಾಗುಣಿತ ಒಂದೂ ಗೊತ್ತಿಲ್ಲದೆ ಮಗು ಪದ ಓದುತ್ತದೆ. "ಗರಗಸ" ಅಂತ ಒಂದೊಂದೇ ಅಕ್ಷರ ಕೂಡಿಸಿ ಓದಿ, ಅದು ಮರ ಕೊಯ್ಯುವ ಗರಗಸ ಅಂತ ಹೊಳೆದಾಗ ಅದರ ಮುಖ ನೋಡಿ. ಬರವಣಿಗೆ ಅಂದರೆ ಮಾತು ಅಂತ ಗೊತ್ತಾಗುವುದು ಆಗಲೇ.

ಒಂದು ಅಕ್ಷರಕ್ಕೆ ಮೂರು ನಾಲ್ಕು ದಿನ ಕೊಡಿ. ಎಲ್ಲಿಂದ ಶುರು, ಯಾವ ಕಡೆ ತಿರುವು ಅನ್ನುವುದನ್ನು ಮೊದಲ ದಿನವೇ ಸರಿಯಾಗಿ ತೋರಿಸಿ. ಗೆರೆಯ ದಿಕ್ಕು ತಪ್ಪಾಗಿ ರೂಢಿಯಾದರೆ ಆಮೇಲೆ ಬಿಡಿಸುವುದು ಕಷ್ಟ.

ಮ ಮತ್ತು ವ, ನ ಮತ್ತು ಸ, ದ ಮತ್ತು ಧ, ಪ ಮತ್ತು ಷ. ಮೇಲಿನ ಸರದಿಯಲ್ಲಿ ಪಕ್ಕಪಕ್ಕ ಬಂದರೂ ಇವನ್ನು ಒಂದೇ ವಾರ ಕಲಿಸಬೇಡಿ. ಒಂದು ಪೂರ್ತಿ ಗಟ್ಟಿಯಾದ ಮೇಲೆ ಇನ್ನೊಂದು. ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರೆದರೆ ಗಾಬರಿ ಬೇಡ. 6-7 ವರ್ಷದವರೆಗೆ ಅದು ಸಾಮಾನ್ಯ.

ಶಾಲೆಯಲ್ಲಿ ಎ ಬಿ ಸಿ ಮೊದಲು ಕಲಿಸುತ್ತಿದ್ದರೆ ಅದು ಅಲ್ಲೇ ಇರಲಿ. ಮನೆಯ ತಟ್ಟೆಯಲ್ಲಿ ಕನ್ನಡ ಮಾತ್ರ.

## ಹಂತ 6: ಪೆನ್ಸಿಲ್

ರವೆಯಿಂದ ನೇರ ಕಾಪಿ ಪುಸ್ತಕಕ್ಕೆ ಹಾರಬೇಡಿ. ನಡುವೆ ಎರಡು ಮೆಟ್ಟಿಲು ಇವೆ. ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ. ಚುಕ್ಕಿ ಇಟ್ಟು ರಂಗೋಲಿ ಗೆರೆ ಸೇರಿಸುವುದೂ ಇದೇ ಅಭ್ಯಾಸ, ಮೂರು ಸಾಲು ಮೂರು ಚುಕ್ಕಿ ಸಾಕು. ಆಮೇಲೆ ಸ್ಲೇಟು.

ಪೆನ್ಸಿಲ್ ಕೊಡುವಾಗ ಉದ್ದದ್ದು ಬೇಡ. ಮುರಿದ ಗಿಡ್ಡ ಕ್ರೇಯಾನ್, ಮೋಟು ಪೆನ್ಸಿಲ್ ಕೊಡಿ. ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳು ತಾನಾಗಿಯೇ ಬರುತ್ತದೆ. ಉಗುರು ಬೆಳ್ಳಗಾಗುವಷ್ಟು ಬಿಗಿ ಹಿಡಿದಿದ್ದರೆ, ಎರಡು ಸಾಲು ಬರೆದು ಕೈ ನೋವು ಅಂದರೆ, ಒಂದನೇ ಹಂತಕ್ಕೆ ವಾಪಸ್ಸು ಹೋಗಿ ಹಿಟ್ಟು ನಾದಿಸಿ.

## ಯಾವ ಹಂತದಲ್ಲಾದರೂ: ಮೂರು ಪ್ರಯೋಗ

ವಾರಕ್ಕೊಂದು ಸಾಕು. ಮೂರಕ್ಕೂ ಒಂದೇ ನಿಯಮ: ಮಾಡುವ ಮೊದಲು "ಏನಾಗಬಹುದು?" ಅಂತ ಕೇಳಿ, ಅದು ಹೇಳಿದ್ದನ್ನು ಒಪ್ಪಿಕೊಳ್ಳಿ, ಆಮೇಲೆ ಮಾಡಿ.

1. ಅರಿಶಿನ ಕೆಂಪಾಗುವುದು. ಅರಿಶಿನ ನೀರನ್ನು ಬಿಳಿ ಕಾಗದಕ್ಕೆ ಬಳಿದು ಒಣಗಿಸಿ. ಸೋಪಿನ ನೀರಿನಲ್ಲಿ ಬೆರಳದ್ದಿ ಮಗು ಅದರ ಮೇಲೆ ಬರೆಯಲಿ, ಕೆಂಪು ಗೆರೆ ಬರುತ್ತದೆ. ನಿಂಬೆರಸ ಹಾಕಿದರೆ ಮತ್ತೆ ಹಳದಿ. ಆರತಿ ತಟ್ಟೆಯ ಕೆಂಪು ನೀರಿನ ಗುಟ್ಟೂ ಇದೇ, ಅಲ್ಲಿ ಸೋಪಿನ ಬದಲು ಸುಣ್ಣ. ಮಗುವಿನ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಹಳೇ ಬನಿಯನ್ ಹಾಕಿಸಿ ಕೂರಿಸಿ, ಕಲೆ ಹೋಗುವುದಿಲ್ಲ.

2. ಮುಳುಗಿದ ಮೊಟ್ಟೆ ತೇಲುವುದು. ಲೋಟ ನೀರಿಗೆ ಹಸಿ ಮೊಟ್ಟೆ ಬಿಡಿ, ಮುಳುಗುತ್ತದೆ. ಅದನ್ನು ತೆಗೆದು ಒಂದೊಂದೇ ಚಮಚ ಉಪ್ಪು ಹಾಕಿ ಚೆನ್ನಾಗಿ ಕದಡಿ ಮತ್ತೆ ಬಿಡುತ್ತಾ ಹೋಗಿ. 200 ಮಿಲಿ ನೀರಿಗೆ ಸುಮಾರು ಐದಾರು ಟೀ ಚಮಚ ಬೇಕಾಗುತ್ತದೆ. ಎರಡು ಚಮಚ ಹಾಕಿ "ಇದು ಆಗಲ್ಲ" ಅಂತ ಬಿಡುವವರೇ ಜಾಸ್ತಿ. ಮೊಟ್ಟೆ ತರದ ಮನೆಯಲ್ಲಿ ಆಲೂಗಡ್ಡೆ ತುಂಡು ಹಾಕಿ, ಅದೂ ತೇಲುತ್ತದೆ. ಹಸಿ ಮೊಟ್ಟೆ ಮುಟ್ಟಿದ ಕೈ ಸೋಪು ಹಾಕಿ ತೊಳೆಸಿ.

3. ಮೊಳಕೆ. ಹೆಸರುಕಾಳು ಎಂಟು ಗಂಟೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಪಕ್ಕದಲ್ಲೇ ಒಣ ಕಾಳಿನ ಬಟ್ಟಲೂ ಇಡಿ, ಹೋಲಿಸಿ ನೋಡಲು. ಮರುದಿನ ಬಿಳಿ ಮೊಳಕೆ ಕಾಣುತ್ತದೆ. ಅಂಟಂಟು, ಕೆಟ್ಟ ವಾಸನೆ ಬಂದಿದ್ದರೆ ಬಿಸಾಡಿ, ಕೋಸಂಬರಿಗೆ ಬೇಡ.

## ಎಲ್ಲಿ ಕೆಡುತ್ತದೆ

ದಿನಕ್ಕೊಂದು ಹೊಸದು ಕೊಡುವುದು ದೊಡ್ಡ ತಪ್ಪು. ಮಗುವಿಗೆ ಅದದೇ ಬೇಕು, ಬೇಸರ ಆಗುವುದು ನಮಗೆ. ಒಂದು ಕೆಲಸವನ್ನು ವಾರ ಪೂರ್ತಿ ಇಡಿ. ಮಾಡುವಾಗ ಮೊಬೈಲ್‌ನಲ್ಲಿ ವಿಡಿಯೋ ತೆಗೆಯಬೇಡಿ, ಮಗು ಕೆಲಸ ಬಿಟ್ಟು ಕ್ಯಾಮೆರಾ ನೋಡುತ್ತದೆ. ಮುಗಿಸಿದರೆ ಚಾಕೊಲೇಟ್ ಅನ್ನಬೇಡಿ, ನಾಲ್ಕನೇ ದಿನ ಚಾಕೊಲೇಟ್ ಇಲ್ಲದೆ ಕೂರುವುದಿಲ್ಲ. "ಪಕ್ಕದ ಮನೆಯವಳಿಗೆ ಬರುತ್ತೆ, ನಿನಗೆ ಬರಲ್ಲ" ಅನ್ನುವ ಮಾತನ್ನಂತೂ ಆಡಲೇಬೇಡಿ. ಆ ಮಾತು ಕೇಳಿದ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ.

## ಎಚ್ಚರದ ಗುರುತುಗಳು

ಕಾಳು ಎಸೆಯಲು ಶುರುಮಾಡಿದರೆ, ಕಣ್ಣುಜ್ಜಿದರೆ, ನಿಮ್ಮ ಮುಖವನ್ನೇ ನೋಡಿ ಉತ್ತರ ಹುಡುಕಿದರೆ ಅವತ್ತಿಗೆ ಮುಗಿಸಿ. ಮೂರು ದಿನ ಸತತವಾಗಿ ಬೇಡ ಅಂದರೆ ಒಂದು ಹಂತ ಹಿಂದಕ್ಕೆ ಹೋಗಿ.

ಕೆಲವು ಗುರುತು ಕಂಡರೆ ಕಲಿಕೆ ಬದಿಗಿಟ್ಟು ಡಾಕ್ಟರಿಗೆ ತೋರಿಸಬೇಕು. ತಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ನೋಡುವುದು, ಒಂದು ಕಣ್ಣು ಮುಚ್ಚಿ ನೋಡುವುದು. ಹಿಂದಿನಿಂದ ಕರೆದರೆ ತಿರುಗದೇ ಇರುವುದು, ಪದೇ ಪದೇ "ಆಂ?" ಅನ್ನುವುದು, ಟಿವಿ ಸೌಂಡು ಜಾಸ್ತಿ ಇಡುವುದು. ಮೊದಲು ಬರುತ್ತಿದ್ದ ಮಾತು, ಕೈಕೆಲಸ ಈಗ ಬಾರದೇ ಹೋಗುವುದು. ಕೊನೆಯದು ಕಂಡರೆ ಒಂದು ವಾರವೂ ಕಾಯಬೇಡಿ. ಹಟ, ಸೋಮಾರಿತನ ಅಂತ ನಾವು ಬೈಯುತ್ತಿರುತ್ತೇವೆ, ಮಗುವಿಗೆ ನಿಜಕ್ಕೂ ಕಾಣುತ್ತಿರುವುದಿಲ್ಲ, ಕೇಳುತ್ತಿರುವುದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಏನೇನು ಗಮನಿಸಿದಿರಿ, ಯಾವಾಗಿನಿಂದ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ.